ಗೆರೆ ಇದ್ದ ಜಾಗ

“ನನ್ನ ವಿಭಾಗದ ಮುಂದೆ ಸೊನ್ನೆ ಹಾಕಿದೀಯಂತೆ?” ಎನ್ನುತ್ತ ಅಕ್ಕ ಸರ್ವರ್ ಕೋಣೆಗೆ ಬಂದಾಗ ಅವಳು ಊಟದ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದಳು.

ಸ್ವಂತ ಅಕ್ಕನಲ್ಲ. ಗ್ರಂಥಾಲಯದ ದನಿ ವಿಭಾಗ ನೋಡಿಕೊಳ್ಳುವವರು. ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಕಂಪ್ಯೂಟರಿನಿಂದ ಓದಿಸಿ, ತಪ್ಪಿದ ಉಚ್ಚಾರಗಳನ್ನು ಕಿವಿಯಿಂದಲೇ ಹೆಕ್ಕಿ ತಿದ್ದುವವರು. ಹನ್ನೊಂದು ವರ್ಷದಿಂದ ಆ ವಿಭಾಗವೆಂದರೆ ಅವರೊಬ್ಬರೇ. ಒಂದು ವಿಭಾಗವನ್ನು ಕಡಿಮೆ ಮಾಡಿ ಎಂದು ಮೇಲಿನಿಂದ ಪತ್ರ ಬಂದಿತ್ತು. ಯಾರ ಕೆಲಸಕ್ಕೆ ಸರ್ವರ್ ಎಷ್ಟು ದುಡಿಯುತ್ತದೆ ಎಂದು ಗ್ರಂಥಪಾಲಕರು ಪಟ್ಟಿ ಕೇಳಿದ್ದರು. ಸರ್ವರ್ ನೋಡಿಕೊಳ್ಳುವವಳು ಅವಳು. ಪಟ್ಟಿ ಕೊಟ್ಟವಳೂ ಅವಳೇ.

“ಸೊನ್ನೆ ಅಲ್ಲಕ್ಕ, ಗೆರೆ. ನಾನು ಕೊಟ್ಟಿದ್ರಲ್ಲಿ ಬರೀ ಗೆರೆ ಇತ್ತು. ಸಾಹೇಬ್ರ ಟೈಪಿಸ್ಟು ಅದನ್ನ ಸೊನ್ನೆ ಮಾಡಿದಾನೆ.”

“ಕೆಳಗಿನ ಸಹಿ ಯಾರ್ದು, ಟೈಪಿಸ್ಟಂದಾ?”

ಸಹಿ ಅವಳದೇ. ಓದದೇ ಹಾಕಿದ್ದಳು. ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, ಕಪ್ಪು ಪರದೆಯ ಮೇಲೆ ಪಟ್ಟಿ ತೆಗೆಯುವ ಕಮಾಂಡನ್ನು ಮತ್ತೆ ಕೊಟ್ಟಳು. ಒಂದೊಂದು ವಿಭಾಗದ ಪ್ರೋಗ್ರಾಮುಗಳೂ ಒಂದೊಂದು ಗುಂಪಾಗಿ ಸಾಲಿನಲ್ಲಿ ಬಂದು ನಿಂತವು. ಸ್ಕ್ಯಾನಿಂಗ್ ನೂರಕ್ಕೆ ಇಪ್ಪತ್ತೊಂದು, ಕ್ಯಾಟಲಾಗ್ ಹದಿಮೂರು, ದನಿ ವಿಭಾಗದ ಮುಂದೆ ಸಣ್ಣದೊಂದು ಗೆರೆ. ತುದಿಯಲ್ಲಿ ಒಟ್ಟು ಬಳಕೆ: ತೊಂಬತ್ತೇಳು. ಇಪ್ಪತ್ತೊಂದಕ್ಕೆ ಹದಿಮೂರು ಕೂಡಿಸಿದರೆ ತೊಂಬತ್ತೇಳು ಹೇಗಾಗುತ್ತದೆ? ಅವಳು ದನಿ ವಿಭಾಗದ ಗುಂಪಿನ ಸೆಟ್ಟಿಂಗ್ ತೆರೆದಳು.

ಅಕ್ಕನ ಗುಂಪನ್ನು ಕಟ್ಟಿದ್ದು ಎರಡು ವರ್ಷದ ಹಿಂದೆ, ತನ್ನ ಮಗಳು ಜ್ವರದಿಂದ ಆಸ್ಪತ್ರೆ ಸೇರಿದ್ದ ವಾರ. ವಾರ್ಡಿನ ಬೆಂಚಿನ ಮೇಲೆ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು. ಇದರ ಬಳಕೆಯನ್ನೂ ಎಣಿಸು ಎಂದು ಹೇಳುವ ಒಂದು ಸಾಲು ಬಿಟ್ಟುಹೋಗಿತ್ತು. ಎಣಿಸದ್ದಕ್ಕೆ ಯಂತ್ರ ಸೊನ್ನೆ ಹಾಕುವುದಿಲ್ಲ, ಗೆರೆ ಎಳೆಯುತ್ತದೆ. ನನಗೆ ಗೊತ್ತಿಲ್ಲ ಎಂದಷ್ಟೇ ಅದರ ಮಾತು.

ಈಗ ಆ ಸಾಲನ್ನು ಸೇರಿಸಿದಳು. ಮರುಕ್ಷಣ ಗೆರೆ ಅಳಿದು, ದನಿ ವಿಭಾಗ ಪಟ್ಟಿಯ ತಲೆಗೇ ಏರಿತು: ಅರವತ್ತಮೂರು.

“ಅದು ನಂದಾ?” ಅಕ್ಕ ಕನ್ನಡಕ ಸರಿಮಾಡಿಕೊಂಡರು. “ಇಂಥದ್ದೊಂದು ನಮ್ಮನೇಲೂ ಇದ್ದಿದ್ರೆ. ದಿನವೆಲ್ಲಾ ಏನ್ ಕಡಿದು ಕಟ್ಟೆ ಹಾಕ್ತೀಯ ಅಂತ ಕೇಳೋರಿಗೆ ತೋರಿಸಬಹುದಿತ್ತು.”

ಅವಳಿಗೆ ನಗು ಬರಲಿಲ್ಲ. ಹೊಸ ಪಟ್ಟಿಯನ್ನು ಮುದ್ರಿಸಿಕೊಂಡು ನೇರ ಗ್ರಂಥಪಾಲಕರ ಕೋಣೆಗೆ ಹೋದಳು.

“ತಪ್ಪು ನಂದು ಸರ್. ಎಣಿಸೋಕೆ ಹೇಳೋದನ್ನೇ ಮರ್ತಿದ್ದೆ. ಬೇಕಾದ್ರೆ ನನ್ನಿಂದ ವಿವರಣೆ ಬರೆಸ್ಕೊಳ್ಳಿ. ಆದ್ರೆ ದನಿ ವಿಭಾಗ ಸುಮ್ನೆ ಕೂತಿಲ್ಲ.”

ಅವರು ಹಾಳೆಯ ಮೊದಲ ಸಾಲಿನ ಮೇಲೆ ಬೆರಳಿಟ್ಟರು. “ಅರವತ್ಮೂರು. ಅಲ್ಲಮ್ಮ, ಪುಸ್ತಕ ಹುಡುಕೋದು ತಡ ಆಗಿ ಕೌಂಟರಲ್ಲಿ ಜನ ಸಾಲು ನಿಲ್ತಾರಲ್ಲ, ಅದು ಇದ್ರಿಂದಾನೇ?”

ಸುಳ್ಳು ಹೇಳಲು ಅವಳಿಗೆ ಬಾಯಿ ಬರಲಿಲ್ಲ. “ಸ್ವಲ್ಪ ಮಟ್ಟಿಗೆ ಹೌದು ಸರ್. ಆದ್ರೆ ಒಂದು ಮಿತಿ ಹಾಕಿಟ್ರೆ...”

“ಏನೂ ಮಾಡಲ್ಲ ಅಂತ ಮುಚ್ಚೋಕೆ ಹೊರಟಿದ್ದೆ, ಮನಸ್ಸಿಗೆ ಒಂಥರಾ ಆಗ್ತಿತ್ತು. ಎಲ್ಲಾನೂ ಇದೇ ನುಂಗ್ತಿದೆ ಅಂದ್ಮೇಲೆ ಇನ್ನು ಯೋಚ್ನೆ ಏನು? ಈಗ್ಲೇ ನಿಲ್ಸಿಬಿಡಿ. ಎರಡು ಗಂಟೆಗೆ ವರದಿ ಹೋಗ್ಬೇಕು.” ಹಾಳೆಯನ್ನು ಕಡತದೊಳಗೆ ಇಟ್ಟುಕೊಂಡು, “ಒಳ್ಳೇದಾಯ್ತು, ಸರಿಯಾದ ಅಂಕಿ ತಂದುಕೊಟ್ರಿ,” ಎಂದರು. ವ್ಯಂಗ್ಯವಿರಲಿಲ್ಲ, ನಿಜವಾಗಿಯೂ ಕೃತಜ್ಞರಾಗಿದ್ದರು.

ಹಿಂದಿರುಗಿದಾಗ ಅಕ್ಕ ಅವಳ ಕುರ್ಚಿಯಲ್ಲೇ ಕೂತು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಸಿದ್ಧವಾಗುತ್ತಿದ್ದ ಪುಸ್ತಕವನ್ನು ಕೇಳುತ್ತಿದ್ದರು. ಅವಳ ಮುಖ ನೋಡುತ್ತಲೇ ಅವರಿಗೆ ವಿಷಯ ತಿಳಿಯಿತು.

“ಈ ಅಧ್ಯಾಯ ಒಂದು ಮುಗೀಲಿ ಕಣೆ,” ಎಂದರು. “ಮಧ್ಯದಲ್ಲೇ ನಿಂತುಹೋದ್ರೆ, ಕಣ್ಣಿದ್ದೋರಾದ್ರೆ ಪುಟ ತಿರುಗ್ಸಿ, ಇನ್ನೇನೂ ಇಲ್ಲ ಅಂತ ತಿಳ್ಕೋತಾರೆ. ಕೇಳೋರು, ಈಗ ಮುಂದುವರಿಯುತ್ತೆ, ಈಗ ಮುಂದುವರಿಯುತ್ತೆ ಅಂತ ಕಾಯ್ತಾನೇ ಕೂತಿರ್ತಾರೆ.”

“ಎಷ್ಟು ಪುಟ ಇದೆ?”

“ಮೂವತ್ತು ಚಿಲ್ರೆ.”

ಅವಳು ಇನ್ನೊಂದು ಕುರ್ಚಿ ಎಳೆದುಕೊಂಡಳು. ಅಕ್ಕ ಇಯರ್‌ಫೋನಿನ ಒಂದು ತುದಿಯನ್ನು ಬಿಚ್ಚಿ ಅವಳ ಕೈಗಿತ್ತರು. ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. “ಮೇಡಂ, ನಿಲ್ಸಿದ್ರಾ ಅಂತ ಸಾಹೇಬ್ರು ಕೇಳ್ತಿದಾರೆ,” ಎಂದಿತು ಟೈಪಿಸ್ಟನ ದನಿ.

ಅವಳು ಎದ್ದು ಹೋಗಿ ಸದ್ದಾಗದಂತೆ ಒಳಗಿನ ಚಿಲಕ ಹಾಕಿ, ಬಂದು ಕೂತು, ಆ ತುದಿಯನ್ನು ಕಿವಿಗಿಟ್ಟುಕೊಂಡಳು.