ಮಂಜುಗಡ್ಡೆ ಕರಗುವ ಮೊದಲು

“ಅದೇನು ಶಬ್ದ?” ಫೋನಿನ ಪರದೆಯಲ್ಲಿದ್ದ ಜೋಸೆಫ್ ಕೇಳಿದರು.

“ಯಾವ ಶಬ್ದ ಸಾರ್?” ಎಂದಳು ಕೃತ್ತಿಕಾ. ನಾಟಕವಲ್ಲ, ಅವಳಿಗೆ ನಿಜಕ್ಕೂ ಏನೂ ಕೇಳಿಸಿರಲಿಲ್ಲ. ಅಡುಗೆಮನೆ ಗೋಡೆಯಾಚೆ ಅಪ್ಪನ ಪವರ್‌ಲೂಮ್‌ಗಳು ಅವಳು ಹುಟ್ಟುವ ಮೊದಲಿನಿಂದಲೂ ಬಡಿಯುತ್ತಿದ್ದವು. ನೇಕಾರರ ಊರಾದ ಸೋಮನೂರಿನ ಆ ಬೀದಿಯಲ್ಲಿ ಅದನ್ನು ಯಾರೂ ಶಬ್ದವೆಂದು ಎಣಿಸುವುದಿಲ್ಲ.

ಜೋಸೆಫ್ ಮಂಗಳೂರಿನವರು, ಕೊಯಮತ್ತೂರಿನ ಹೋಟೆಲೊಂದರ ಬಾರ್ ಮುಖ್ಯಸ್ಥರು. ಕೆಲಸಕ್ಕೆ ಮೊದಲ ಸುತ್ತಿನ ಪರೀಕ್ಷೆ ಮನೆಯಿಂದಲೇ: ಕಹಿಯೂ ಸಿಹಿಯೂ ಇರುವ ವಿಸ್ಕಿ ಕಾಕ್‌ಟೇಲ್. ಕೃತ್ತಿಕಾ ಗಾಜಿನ ಜಾಡಿಗೆ ವಿಸ್ಕಿ ಅಳೆದು ಸುರಿದಿದ್ದಳು. ಸಿಹಿಗೆ ತಾಳೆಬೆಲ್ಲ ಕರಗಿಸಿದ ಕೆಂಪು ವೈನ್. ಕಹಿಗೆ ಕಿತ್ತಳೆ ಸಿಪ್ಪೆಯೊಡನೆ ನೆನೆಹಾಕಿ ಸೋಸಿದ ನೆಲಬೇವಿನ ಕೆಲವೇ ಹನಿ.

“ಜ್ವರ ಬಂದಾಗ ನೆಲಬೇವು ಕುಡಿಸೋಕೆ ಇವಳ ಮೂಗು ಹಿಡೀಬೇಕಿತ್ತು,” ಬಾಗಿಲಲ್ಲಿ ನಿಂತಿದ್ದ ಅಮ್ಮ ಕಲಾ ಹೇಳಿದರು. “ಈಗ ನೋಡಿ, ಹನಿಹನಿಯಾಗಿ ಮುದ್ದು ಮಾಡ್ತಾಳೆ!”

ಜೋಸೆಫ್ ನಕ್ಕರು. “ರುಚಿ ಎರಡನೇ ಸುತ್ತಿಗೆ ಬಿಡೋಣ. ಇವತ್ತು ನಾನು ನಿಮ್ಮ ಕೈ ಕೇಳಿಸ್ಕೋಬೇಕು. ಕಲಕುವಾಗ ಮಂಜುಗಡ್ಡೆ ಗಾಜಿಗೆ ಬಡಿಯಬಾರದು. ಆದ್ರೆ ಈ ಗದ್ದಲದಲ್ಲಿ ಏನು ಕೇಳಿಸತ್ತೆ? ನಿಮ್ಮದೇ ಕೊನೇದು ಕೃತ್ತಿಕಾ, ಸಂಜೆಗೆ ಆಯ್ಕೆಯಾದವರ ಪಟ್ಟಿ ಕಳಿಸಬೇಕು.”

ಮಂಜುಗಡ್ಡೆ ಆಗಲೇ ಜಾಡಿಯೊಳಗಿತ್ತು. ಒಂದೊಂದು ನಿಮಿಷ ಹೋದಂತೆ ಕಾಕ್‌ಟೇಲ್ ನೀರಾಗುತ್ತದೆ. ಅಪ್ಪ ಶಿವಲಿಂಗಂ ಬೆಳಿಗ್ಗೆಯೇ ಹೇಳಿಬಿಟ್ಟಿದ್ದರು: “ಕುಡಿಯೋರಿಗೆ ಕಲಸಿ ಕೊಡೋ ಕೆಲಸಕ್ಕೆ ನಾನು ಒಪ್ಪೋನಲ್ಲ. ನನ್ನ ಕೇಳಬೇಡ.”

ಅಮ್ಮ ಮಗ್ಗದ ಷೆಡ್ಡಿನ ಬಾಗಿಲಿಗೆ ಓಡಿದರು. ಅಲ್ಲಿ ಕೂಗಿ ಉಪಯೋಗವಿಲ್ಲ; ಮಾತೆಲ್ಲ ಕೈಸನ್ನೆಯಲ್ಲೇ. ಕಿಟಕಿಯಿಂದ ಕೃತ್ತಿಕಾ ನೋಡಿದಳು. ಅಮ್ಮ ಬೆರಳನ್ನು ಗಾಳಿಯಲ್ಲಿ ಸುತ್ತಿಸಿದರು, ಕಿವಿ ಮುಟ್ಟಿದರು, ಅಂಗೈ ಎತ್ತಿ ‘ನಿಲ್ಲಿಸಿ’ ಎಂದರು. ಅಪ್ಪ ಮುಖ ತಿರುಗಿಸಿ ಎಳೆಯೊಂದನ್ನು ಗಂಟು ಹಾಕಲು ಬಗ್ಗಿದರು.

ಅವಳು ಚಮಚ ಕೆಳಗಿಟ್ಟಳು. “ಸಾರ್, ಇರಲಿ ಬಿಡಿ...”

ಒಂದು ಮಗ್ಗ ನಿಂತಿತು. ಇನ್ನೊಂದು. ಮತ್ತೊಂದು. ಅಪ್ಪ ಪಂಚೆ ಎತ್ತಿ ಕಟ್ಟಿ ರಸ್ತೆ ದಾಟುವುದು ಕಂಡಿತು. ಎದುರಿನ ಅಯ್ಯಾಸಾಮಿಯ ಷೆಡ್ಡೂ ನಿಂತಿತು, ಅದರಾಚೆಯದೂ. ಗೋಡೆ ಗಡಿಯಾರಕ್ಕೆ ಸದ್ದಿದೆಯೆಂದು ಕೃತ್ತಿಕಾಗೆ ಮೊದಲ ಬಾರಿ ಗೊತ್ತಾಯಿತು.

ಜೋಸೆಫ್ ಕಣ್ಣು ಮುಚ್ಚಿ ಕಿವಿಗೊಟ್ಟರು. ಅವಳು ಚಮಚದ ಬೆನ್ನನ್ನು ಗಾಜಿಗೆ ಒತ್ತಿಹಿಡಿದು ಸುತ್ತಿಸಿದಳು. ಗಡ್ಡೆಗಳೆಲ್ಲ ಒಂದೇ ಗಡ್ಡೆಯಂತೆ ತಿರುಗಿದವು. ಜಾಡಿಯ ಮೈ ಬೆವರಿತು.

“ಹೂಂ, ಶುರು ಮಾಡಿ,” ಎಂದರು ಜೋಸೆಫ್.

“ಮುಗೀತು ಸಾರ್,” ಎಂದು ಕೃತ್ತಿಕಾ ಜಾಡಿಯಲ್ಲಿದ್ದುದನ್ನು ಲೋಟಕ್ಕೆ ಸೋಸಿದಳು.

ಅವರು ಕಣ್ಣು ತೆರೆದು ನೋಡಿದರು. ಲೋಟದಲ್ಲಿ ಮಾಣಿಕ್ಯದ ಬಣ್ಣ ತುಂಬಿತ್ತು. “ಗುರುವಾರ ಬನ್ನಿ, ಕುಡಿದು ನೋಡ್ತೀನಿ!”

ಖುಷಿಗೆ ಕೂಗಬೇಕೆನಿಸಿ ಕೃತ್ತಿಕಾ ಬಾಯಿ ತೆರೆದಳು. ಅಷ್ಟರಲ್ಲಿ ಬೀದಿಯಿಂದ ಪಕ್ಕದ ಮನೆ ಸೆಲ್ಲಮ್ಮನ ಗಂಟಲು ಕೇಳಿಸಿತು: “ಏನ್ ಶಿವಲಿಂಗಂ, ಕರೆಂಟ್ ಹೋಯ್ತಾ?”

“ಇಲ್ಲ ಅಕ್ಕಾ,” ಅಪ್ಪನ ಪಿಸುಮಾತು ಅಡುಗೆಮನೆಯವರೆಗೂ ಬಂತು. “ಮೆಲ್ಲಗೆ ಮಾತಾಡು. ಒಳಗೆ ನಮ್ಮ ಪಾಪುಗೆ ಪರೀಕ್ಷೆ.”