ತಾನಾಗಿ ಹೊತ್ತಿದ ದೀಪ

ಇವತ್ತು ಒತ್ತಬಾರದು. ಬಸ್ ಡ್ರೈವರ್ ತನ್ನ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಿಚಿ ಗಟ್ಟಿಯಾಗಿ ಹಿಡಿದ. ಶಾಲಿನ ಅಂಚಿಗೆ ಹೊಲಿದಿದ್ದ ಬಟನ್ ತೊಡೆಯ ಮೇಲೆ ತಣ್ಣಗೆ ಕೂತಿತ್ತು. ಒತ್ತಿದರೆ ವೇದಿಕೆಯ ಗಾಜಿನ ಪೆಟ್ಟಿಗೆಯಲ್ಲಿ ದೀಪ ಹೊತ್ತುತ್ತದೆ. ಒತ್ತದಿದ್ದರೆ ಹೊತ್ತುವುದಿಲ್ಲ. ಹೊತ್ತದಿದ್ದರೆ ಹೆಂಡತಿ ಸೋಮವಾರ ಆಸ್ಪತ್ರೆಗೆ ಬರುತ್ತಾಳೆ.

ಅವಳು ಪಕ್ಕದಲ್ಲೇ ಕಣ್ಣು ಮುಚ್ಚಿ ಕೂತಿದ್ದಳು. ಎದೆಯಲ್ಲಿ ಗಂಟು. ತಡಮಾಡಿದರೆ ಕೈಮೀರುತ್ತದೆ ಎಂದಿದ್ದರು ಡಾಕ್ಟರು. ಅವನು ಆಸ್ಪತ್ರೆಯ ಮೆಟ್ಟಿಲು ಸವೆಸಿ, ಕಂಡಕಂಡವರ ಕೈಕಾಲು ಹಿಡಿದು, ಆಪರೇಷನ್ನಿಗೆ ಒಂದು ಹಾಸಿಗೆ ಗೊತ್ತುಮಾಡಿದ್ದ. ಅವಳದ್ದು ಒಂದೇ ಹಟ: ದೀಪ ಹೊತ್ತುತ್ತಿರುವ ತನಕ ಕತ್ತಿ ಬೇಡ.

ದೀಪದ ಯಜಮಾನ ವೇದಿಕೆಯ ಮೇಲಿದ್ದ. ಹಿಂದೆ ಮನೆಮನೆಗೆ ನೀರು ಸೋಸುವ ಯಂತ್ರ ಮಾರುತ್ತಿದ್ದ ಮನುಷ್ಯ. ಈಗ ಫರ್ನಿಚರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಪ್ರಜ್ಞೆಯನ್ನೇ ಸೋಸುತ್ತಿದ್ದ. ಬೆನ್ನ ಹಿಂದೆ ಎಲ್ಲರೂ ಅವನನ್ನು ಕಣಗುರು ಎನ್ನುತ್ತಿದ್ದರು. ಎಲೆಕ್ಟ್ರಾನ್ ಎಂಬ ಪದವನ್ನು ಅವನು ಮನೆಯ ಅಳಿಯನ ಹೆಸರು ಹೇಳುವಷ್ಟು ಅಕ್ಕರೆಯಿಂದ ಹೇಳುತ್ತಿದ್ದ.

"ಗಂಟು ಬರೀ ಒಂದು ಸಾಧ್ಯತೆ ಆಗಿತ್ತಮ್ಮ," ಎಂದಿದ್ದ ಮೊದಲ ದಿನ. "ಡಾಕ್ಟರು ನೋಡಿದ್ರು. ನೋಡಿದ್ದಕ್ಕೇ ಗಂಟಾಯ್ತು. ನಾವು ಬೇರೆ ಥರ ನೋಡೋಣ."

ಕಣ್ಣು ಮುಚ್ಚಿಕೊಂಡು ಬಸ್ಸು ಓಡಿಸಿದರೆ ಎದುರಿನ ಲಾರಿ ಮಾಯವಾದೀತೇ ಎಂದು ಡ್ರೈವರಿಗೆ ಅಂದೇ ಕೇಳಬೇಕೆನಿಸಿತ್ತು. ಆದರೆ ಆಸ್ಪತ್ರೆಯಿಂದ ಬಂದಾಗಿನಿಂದ ಬಾಡಿಹೋಗಿದ್ದ ಹೆಂಡತಿಯ ಮುಖ ಅವತ್ತು ಅರಳಿತ್ತು.

ಎಲ್ಲರೂ ಒಟ್ಟಿಗೆ ಸಂಕಲ್ಪ ಮಾಡಿದರೆ ದೀಪ ತಾನಾಗಿ ಹೊತ್ತುತ್ತದೆ, ಹೊತ್ತಿದರೆ ರೋಗ ಕರಗುತ್ತದೆ ಎಂಬುದು ಇಲ್ಲಿನ ನಂಬಿಕೆ. ಪದ್ಧತಿ ಕಟ್ಟುನಿಟ್ಟು. ಒಳಗೆ ಬರುವಾಗ ಕಣಗುರು ಒಬ್ಬೊಬ್ಬರಿಗೂ ಅವರವರದೇ ಶಾಲು ಹೊದಿಸಿ ಕಿವಿಯಲ್ಲಿ ಒಂದು ಮಾತು ಉಸುರುತ್ತಾನೆ. ಅದನ್ನು ಕಟ್ಟಿಕೊಂಡವರಿಗೂ ಹೇಳುವಂತಿಲ್ಲ, ಹೇಳಿದರೆ ಅಲೆ ಮುರಿಯುತ್ತದೆ. ಅಂಗೈಯ ಶಕ್ತಿ ಸೋರದಂತೆ ಕೈಗಳು ಶಾಲಿನೊಳಗೇ ಇರಬೇಕು. ಗಂಟೆ ಬಾರಿಸುವ ತನಕ ಕಣ್ಣು ತೆರೆಯಕೂಡದು. ಮುಗಿದ ಮೇಲೆ ಬಾಗಿಲ ಬಳಿಯ ತಗಡಿನ ಪೆಟ್ಟಿಗೆಗೆ ಶಾಲು ಹಾಕಿ ಹೋಗಬೇಕು. ಪೆಟ್ಟಿಗೆಯ ನೆತ್ತಿಯ ಮೇಲೆ ಸ್ಪೀಕರು. ಶಾಲು ಹಾಕುವಷ್ಟು ಹೊತ್ತೂ ಅದು ಕಿವಿ ಹರಿಯುವಂತೆ ಹಾಡುತ್ತದೆ. ಅಲೆ ತೊಳೆಯುವ ಸಂಗೀತವಂತೆ.

ಡ್ರೈವರನ ಕಿವಿಗೆ ಬಿದ್ದ ಮಾತು ಬೇರೆಯೇ ಆಗಿತ್ತು. "ನಿಮ್ಮಾಕೆ ಸಂಕಲ್ಪ ಬಲವಾಗೇ ಇದೆ. ಬೆಳಕು ಕಾಣದಿದ್ರೆ ಧೈರ್ಯ ಕುಸಿಯತ್ತೆ. ಸ್ವಲ್ಪ ಕೈಜೋಡಿಸಿ. ಇಷ್ಟು ಜನರಲ್ಲಿ ನಿಮ್ಮೊಬ್ಬರಿಗೇ ಹೇಳ್ತಿರೋದು."

ಹಾರ್ನ್ ಒತ್ತಿ ಪಳಗಿದ ಹೆಬ್ಬೆರಳು. ಕೈಜೋಡಿಸಿತು. ಪ್ರತಿ ವಾರ ದೀಪ ಹೊತ್ತಿತು, ಪ್ರತಿ ವಾರ ಜನ ಕಣ್ಣೀರಿಟ್ಟರು, ಗಂಟು ತನ್ನ ಪಾಡಿಗೆ ಬೆಳೆಯಿತು. ನಿನ್ನೆ ರಾತ್ರಿ ಅವಳು ನೋವಿಗೆ ಮಗ್ಗುಲು ಬದಲಿಸುತ್ತ, "ನೀವು ಪೂರ್ತಿ ನಂಬಿಬಿಡಿ ರೀ. ನಿಮ್ಮ ಅನುಮಾನ ಒಂದು ಹೋದ್ರೆ ನಾನು ಗೆದ್ದೆ," ಎಂದಳು. ಅವನು ಕತ್ತಲಲ್ಲಿ ತನ್ನ ಹೆಬ್ಬೆರಳನ್ನು ಕಚ್ಚಿಕೊಂಡ.

ಇವತ್ತು ಒತ್ತಲಿಲ್ಲ.

ಕದ್ದು ಅರೆಗಣ್ಣು ತೆರೆದು ಅಕ್ಕಪಕ್ಕ ನೋಡಿದ. ಸಭೆ ಉಸಿರು ಬಿಗಿಹಿಡಿದಿತ್ತು. ಅವನ ಎಡಕ್ಕೆ ಕೂತಿದ್ದ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಯಾವುದೋ ತಪ್ಪು ಮಾಡುತ್ತಿರುವವನಂತೆ ಬೆವರುತ್ತಿದ್ದ. ಮುಂದಿನ ಸಾಲಿನ ಔಷಧದಂಗಡಿಯವಳು, ತನ್ನ ಶಾಲನ್ನು ಬೇರೆಯವರಿಗೆ ಮುಟ್ಟಲೂ ಬಿಡದವಳು, ಕುತ್ತಿಗೆ ಸೆಟೆಸಿ ಕೂತಿದ್ದಳು. ಪಾಪ, ಎಷ್ಟೊಂದು ನಂಬಿಕೆ, ಎನಿಸಿತು ಡ್ರೈವರಿಗೆ. ಇಷ್ಟು ಜನರ ಮನಸ್ಸು ಒಡೆಯುವ ಪಾಪ ತನ್ನ ತಲೆಗೇ ಬರಲಿ ಎಂದು ಮತ್ತೆ ಕಣ್ಣು ಮುಚ್ಚಿದ.

ಗಂಟೆ ಬಾರಿಸಿತು.

ದೀಪ ಉರಿಯುತ್ತಿತ್ತು.

ಅವನು ತನ್ನ ಕೈ ನೋಡಿಕೊಂಡ. ಹೆಬ್ಬೆರಳು ಮುಷ್ಟಿಯೊಳಗೇ ಇತ್ತು, ರಕ್ತವಿಲ್ಲದೆ ಬಿಳುಚಿತ್ತು. ಬಟನ್ ಎಲ್ಲೋ ಮಡಿಕೆಯಲ್ಲಿ ಜಾರಿತ್ತು. ತಾನು ಒತ್ತಿಲ್ಲ. ಹಾಗಿದ್ದರೆ ಹೊತ್ತಿಸಿದ್ದು? ಪಕ್ಕದಲ್ಲಿ ಹೆಂಡತಿ ಅವನ ಮುಖವನ್ನೇ ನೋಡುತ್ತಿದ್ದಳು. ಅವನ ಕಣ್ಣಲ್ಲಿ ನೀರು ಬಂತು.

"ನಂಬಿದ್ರಾ?" ಎಂದಳು.

"ನಂಬ್ದೆ ಕಣೇ."

ಸ್ಪೀಕರು ಅಬ್ಬರಿಸತೊಡಗಿತು. ಅವನು ತಡೆಯಲಾರದೆ ಮೆಟ್ಟಿಲ ಬಳಿ ಹೋಗಿ ಆಸ್ಪತ್ರೆಗೆ ಫೋನು ಹಚ್ಚಿದ. ಸೋಮವಾರದ ಹಾಸಿಗೆ ಬೇಡ ಎಂದ. ಆ ಕಡೆಯ ನರ್ಸಮ್ಮ ಮತ್ತೊಮ್ಮೆ ಕೇಳಿದಳು, ಬಿಟ್ಟರೆ ಇನ್ಯಾವಾಗ ಸಿಗುತ್ತದೋ ಹೇಳಲಾಗದು ಎಂದೂ ಎಚ್ಚರಿಸಿದಳು. ಅವನು ನಕ್ಕ. ಅವಳಿಗೆ ಸಾಧ್ಯತೆಗಳ ವಿಷಯ ಏನು ಗೊತ್ತು.

"ಸರಿ ಬಿಡಿ, ಇಲ್ಲೇ ಒಬ್ರು ಕಾಯ್ತಾ ನಿಂತಿದ್ದಾರೆ. ಅವರ ಹೆಸರು ಬರ್ಕೊಂಡೆ," ಎಂದು ಅವಳು ಫೋನು ಇಟ್ಟಳು.

ಹಗುರಾಗಿ ಒಳಗೆ ಬಂದ. ಜನ ಶಾಲು ಹಾಕಲು ಸಾಲುಗಟ್ಟಿದ್ದರು. ಅವನು ಬಂದು ಹೆಂಡತಿಯ ಹಿಂದೆ ನಿಂತ. ಅಷ್ಟರಲ್ಲಿ ಕರೆಂಟು ಹೋಯಿತು. ಸ್ಪೀಕರು ಹಾಡಿನ ನಡುವೆಯೇ ಬಾಯಿ ಮುಚ್ಚಿತು. ಬ್ಯಾಟರಿಯ ದೀಪ ಮಾತ್ರ ಗಾಜಿನೊಳಗೆ ಉರಿಯುತ್ತಲೇ ಇತ್ತು. ಆ ಮಹಡಿಯಲ್ಲಿ ಮೊದಲ ಬಾರಿಗೆ ನಿಜವಾದ ಮೌನ ನೆಲೆಸಿತು.

ಔಷಧದಂಗಡಿಯವಳ ಕೈಯಿಂದ ಶಾಲು ಆಗಲೇ ಜಾರಿತ್ತು. ಅದರ ಅಂಚು ತಗಡಿಗೆ ಬಡಿದು ಟಕ್ ಎಂದಿತು.

ಅವಳು ತಿರುಗಿ ನೋಡದೆ ಮೆಟ್ಟಿಲಿಳಿದಳು. ಬ್ಯಾಂಕ್ ಮ್ಯಾನೇಜರ್ ತನ್ನ ಶಾಲನ್ನು ಹಸುಗೂಸನ್ನು ಮಲಗಿಸುವಂತೆ ಬಗ್ಗಿ ಇಳಿಸಿದ. ಟಕ್. ಅವನ ಹಿಂದಿನವನದು. ಟಕ್. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ವೇದಿಕೆಯ ಮೇಲೆ ಕಣಗುರು ಫ್ಯೂಸು ನೋಡಿ ಎಂದು ಕೂಗಿಕೊಳ್ಳುತ್ತಿದ್ದ.

ಈಗ ಹೆಂಡತಿಯ ಸರದಿ. ಅವಳು ಶಾಲನ್ನು ಎದೆಗವಚಿಕೊಂಡು ನಿಂತುಬಿಟ್ಟಳು.

"ನೀವು ಕೆಳಗೆ ಹೋಗಿರಿ ರೀ," ಎಂದಳು, ಅವನ ಕಡೆ ನೋಡದೆ. "ನಾನು ಹಾಕಿ ಬರ್ತೀನಿ."

ಅವನು ಕದಲಲಿಲ್ಲ.

ಅವಳ ಶಾಲು ಎಲ್ಲರದಕ್ಕಿಂತ ಮೆಲ್ಲಗೆ ಇಳಿಯಿತು. ಆದರೂ ಟಕ್ ಎಂದಿತು.