ಸಕ್ಕರೆಯಿಲ್ಲದ ಕೋಕೋ

ಡಾಕ್ಟರು ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತುಕೊಂಡೇ ಹೇಳಿ ಮುಗಿಸಿದರು. “ಇನ್ನು ಪಥ್ಯಗಿಥ್ಯ ಏನೂ ಬೇಡಮ್ಮ. ನಿಮ್ಮ ತಂದೆ ಬಾಯಿಬಿಟ್ಟು ಏನು ಕೇಳ್ತಾರೋ ಅದನ್ನ ಕೊಡಿ.” ಇಷ್ಟು ವರ್ಷ ಪಥ್ಯ ಪಥ್ಯ ಅಂತ ಜೀವ ತಿಂದ ಮನುಷ್ಯರೂ ಇವರೇ. ಅದನ್ನು ಇಷ್ಟು ಸಲೀಸಾಗಿ ವಾಪಸು ತೆಗೆದುಕೊಂಡರೆ ಏನರ್ಥ ಎಂಬುದು ಮಗಳಿಗೂ ತಿಳಿಯಿತು, ಪಕ್ಕದಲ್ಲಿದ್ದ ಅವಳ ತಮ್ಮನಿಗೂ ತಿಳಿಯಿತು. ಅವನು ಗೋಡೆಯ ಕಡೆ ತಿರುಗಿ ನಿಂತ.

“ಕಣ್ಣೊರೆಸ್ಕೋ,” ಎಂದಳು ಅಕ್ಕ. “ಅಪ್ಪಂಗೆ ಗೊತ್ತಾಗಬಾರದು. ಗೊತ್ತಾದ್ರೆ ಇವತ್ತೇ ಗೋಡೆ ಕಡೆ ಮುಖ ಮಾಡಿ ಮಲಗಿಬಿಡ್ತಾನೆ, ಮತ್ತೆ ಏಳಲ್ಲ. ಮನೇಲಿ ನಿನ್ನೆ ಹೇಗಿತ್ತೋ ಇವತ್ತೂ ಹಾಗೇ ಇರಬೇಕು. ನಾನು ಬೈತಾ ಇರ್ತೀನಿ, ನೀನು ತೆಪ್ಪಗಿರು.”

ಮನೆಯಲ್ಲಿ, ಅಡುಗೆಮನೆಯ ಬಾಗಿಲಿಗೆ ಎದುರಾಗಿ ಹಾಕಿದ್ದ ಮಂಚದ ಮೇಲೆ ಅಪ್ಪ ದಿಂಬಿಗೆ ಒರಗಿ ಕಾಯುತ್ತಿದ್ದ. ಬೇಕರಿಯ ಒಲೆಯ ಮುಂದೆ ಆಯುಷ್ಯ ಸವೆಸಿದವನು. ಕಂಡವರಿಗೆಲ್ಲ ಕೇಕು ಮಾಡಿ ಕೊಟ್ಟು, ತಾನು ಮಾತ್ರ ಸಕ್ಕರೆ ಕಾಯಿಲೆ ಹೊತ್ತು ಮನೆಗೆ ಬಂದವನು. “ಏನಂದ್ರು ನಿನ್ನ ಡಾಕ್ಟ್ರು?” ಎಂದ.

“ಏನಂತಾರೆ? ಅದೇ ರಾಗ. ಬಾಯಿ ಕಟ್ಟಬೇಕಂತೆ. ಸಕ್ಕರೆ ಅಂತ ರಗಳೆ ಮಾಡಿದ್ರೆ ನಂಗೆ ಫೋನ್ ಮಾಡಿ ಅಂದ್ರು.”

“ಅವನೂ ಜೈಲರು, ನೀನೂ ಜೈಲರು,” ಎಂದು ಅಪ್ಪ ಗೊಣಗಿದ. ಗೊಣಗಿದರೂ ಮುಖ ಸ್ವಲ್ಪ ಗೆಲುವಾಯಿತು. ಬಾಯಿ ಕಟ್ಟು ಅಂದರೆ ಇನ್ನೂ ಏನೋ ಉಳಿದಿದೆ ಎಂದು ತಾನೇ? ಅದೊಂದು ಆಸೆಯ ಮೇಲೆ ಮನುಷ್ಯ ನಾಳೆ ಬೆಳಿಗ್ಗೆ ಎದ್ದು ಕೂರಬಲ್ಲ.

ಸಂಜೆ ಒಂದು ಲೋಟ ಕೋಕೋ ಅವನಿಗೆ ಆಗಲೇಬೇಕು. ಅಂಗಡಿಯ ಪುಡಿಗೆ ಸಕ್ಕರೆ ಸುರಿದಿರುತ್ತಾರೆ ಎಂದು ಮಗಳು ಮನೆಯಲ್ಲೇ ಮಾಡುತ್ತಿದ್ದಳು. ಡಬ್ಬಿ ಖಾಲಿಯಾಗಿತ್ತು. ಹೊಸದಾಗಿ ಮಾಡಲು ಮಂಚಕ್ಕೆ ಕಾಣುವ ಹಾಗೆಯೇ ಕೂತಳು. ಹಾಲಿನ ಪುಡಿ, ಅದರ ಅರ್ಧದಷ್ಟು ಕೋಕೋ, ಸಕ್ಕರೆಯ ಬದಲಿಗೆ ಸಿಹಿ ಎಲೆಯ ಪುಡಿ ಚಮಚದ ತುದಿಯಲ್ಲಿ, ಚಿಟಿಕೆ ಚಕ್ಕೆ ಪುಡಿ. ಜರಡಿ ಆಡಿಸಿದಾಗ ಕಂದು ಧೂಳು ಎದ್ದು ಮೂಗಿಗೆ ಹೋಯಿತು. ಕಣ್ಣಲ್ಲಿ ನೀರು ಬಂದದ್ದಕ್ಕೆ ಅದೇ ಒಂದು ನೆಪವಾಯಿತು.

“ಉಪ್ಪು?” ಅಂತ ಮಂಚದಿಂದ ಕೇಳಿಬಂತು.

“ಹಾಕ್ತೀನಪ್ಪ, ಏನು ಅವಸರ?”

“ಇನ್ನೊಂದ್ಸಲ ಜರಡಿ ಹಿಡಿ, ಗಂಟು ಉಳಿಯುತ್ತೆ. ಇಷ್ಟೆಲ್ಲ ಮಾಡಿ ಕೊನೆಗೆ ಕುಡಿದ್ರೆ ಸೀಮೆಸುಣ್ಣ ಕುಡಿದ ಹಾಗಿರುತ್ತೆ.”

“ಕುಡೀಬೇಡ ಹಾಗಾದ್ರೆ.”

“ಕುಡೀದೆ ಏನ್ಮಾಡ್ಲಿ? ಜೈಲಲ್ಲಿ ಕೊಟ್ಟದ್ದನ್ನ ಕುಡೀಬೇಕಮ್ಮ.”

ಅವಳಿಗೆ ನಗು ಬಂತು. ಡಬ್ಬಿಯನ್ನು ಕಂಠಮಟ್ಟ ತುಂಬಿಸಿ ಮುಚ್ಚಳ ಹಾಕುವಾಗ, ಇಷ್ಟನ್ನು ಕುಡಿದು ಮುಗಿಸುವವರು ಯಾರು ಎಂದು ಹೊಳೆದು ಕೈ ನಿಂತಿತು. ಆಮೇಲೆ ಮುಚ್ಚಳವನ್ನು ಒತ್ತಿ ಬಿಗಿದಳು.

“ಅಕ್ಕಾ,” ತಮ್ಮ ಒಲೆಯ ಹತ್ತಿರ ಬಂದು ಪಿಸುಗುಟ್ಟಿದ, “ಇನ್ನೂ ಯಾಕೆ ಈ ಹಿಂಸೆ? ಒಂದು ಚಮಚ ಸಕ್ಕರೆ ಹಾಕು, ಪಾಪ.”

“ಆ ಒಂದು ಚಮಚ ಸಾಕು, ಅವನಿಗೆ ಎಲ್ಲಾ ತಿಳಿಯೋಕೆ,” ಎಂದು ಅವಳೂ ಪಿಸುಗುಟ್ಟಿದಳು. ಅಷ್ಟರಲ್ಲಿ ಹೊಲಿಯಲು ಕೊಟ್ಟ ಬಟ್ಟೆ ಕೇಳಿಕೊಂಡು ಯಾರೋ ಬಾಗಿಲಿಗೆ ಬಂದರು. “ಹಾಲು ಬಿಸಿಯಾಗಿದೆ, ಕಲಸಿ ಕೊಡು,” ಎಂದು ಹೇಳಿ ಹೊರಗೆ ಹೋದಳು.

ಲಾರಿ ಎಂಜಿನ್ನು ಬಿಚ್ಚಿ ಜೋಡಿಸುವ ಮೆಕ್ಯಾನಿಕ್ಕು ತಮ್ಮ, ಆದರೆ ಮನಸ್ಸು ಬೆಣ್ಣೆ. ಪುಡಿ ಕಲಸಿದ. ಮಂಚದ ಕಡೆ ಇಣುಕಿದ. ಅಕ್ಕ ಸಕ್ಕರೆ ಬಚ್ಚಿಡುವುದು ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿ ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಒಂದು ಚಮಚ ಹಾಕಿದ. ಮನಸ್ಸು ತಡೆಯಲಿಲ್ಲ, ಇನ್ನೊಂದು ಹಾಕಿದ.

ಅಪ್ಪ ಒಂದು ಗುಟುಕು ಕುಡಿದು, ನುಂಗದೆ ಹಾಗೇ ಬಾಯಲ್ಲಿ ಇಟ್ಟುಕೊಂಡ. ಬೇಕರಿಯವನ ನಾಲಗೆ. “ಏನೋ ಇದು?” ಎಂದ ಕೊನೆಗೆ. “ಸಕ್ಕರೆ ಬಿದ್ದಿದೆಯಲ್ಲೋ.”

ಬಾಗಿಲು ಹಾಕಿ ಬರುತ್ತಿದ್ದ ಮಗಳು ಅದನ್ನು ಕೇಳಿ ಅಲ್ಲೇ ನಿಂತಳು. ಮರುಕ್ಷಣ ಸೆರಗು ಸಿಕ್ಕಿಸಿಕೊಂಡು ಶುರುಹಚ್ಚಿದಳು. “ಸಕ್ಕರೆ ಹಾಕಿದ್ಯೇನೋ? ಬುದ್ಧೀನ ಎಲ್ಲಿ ಅಡ ಇಟ್ಟಿದ್ದೀಯ? ಡಾಕ್ಟ್ರು ಅಷ್ಟು ಬಡ್ಕೊಂಡದ್ದು ಕಿವಿಗೆ ಬೀಳಲಿಲ್ವಾ? ಅಪ್ಪನ್ನ ಕೊಲ್ಲಬೇಕು ಅಂತಿದ್ದೀಯ?” ಆ ಕೊನೆಯ ಮಾತು ಆಡಬಾರದಿತ್ತು ಎಂದು ಅವಳಿಗೇ ಅನ್ನಿಸಿತು. ಆದರೂ ಬಿಡಲಿಲ್ಲ, ಸೋಮಾರಿ ಅಂದಳು, ಮೈಗಳ್ಳ ಅಂದಳು, ಚಿಕ್ಕಂದಿನಿಂದಲೂ ನೀನು ಹೀಗೇ ಅಂದಳು. “ತಪ್ಪಾಯ್ತಕ್ಕ, ಗೊತ್ತಾಗಲಿಲ್ಲ,” ಎಂದು ತಮ್ಮನೂ ತಲೆ ತಗ್ಗಿಸಿ ಒಪ್ಪಿಸಿದ. ನಾಟಕ ಚೆನ್ನಾಗಿಯೇ ನಡೆಯಿತು.

ಈ ಗಲಾಟೆಯಲ್ಲಿ ಅಪ್ಪ ಒಂದೊಂದೇ ಗುಟುಕು ಕುಡಿಯುತ್ತ ಹೋದ. ತಳದಲ್ಲಿ ಕರಗದೆ ನಿಂತ ಸಕ್ಕರೆಯನ್ನು ಲೋಟ ಅಲ್ಲಾಡಿಸಿ ಕುಡಿದ. ಬಾಯಿ ಒರೆಸಿಕೊಂಡು ಖಾಲಿ ಲೋಟವನ್ನು ಮಗಳ ಕಡೆ ಚಾಚಿದ.

“ಬೈದದ್ದೆಲ್ಲ ಸರಿಯಾಗಿತ್ತು ಕಣಮ್ಮ,” ಎಂದ ಮೆಲ್ಲಗೆ. “ನನ್ನ ಕೈಯಿಂದ ಲೋಟ ಕಿತ್ಕೊಳ್ಳೋದೊಂದು ನೀನು ಮರೆತುಬಿಟ್ಟೆ.”